ಮೆತ್ತನೆ ಗೊಂಬೆಯ ಪ್ರವಾಸ: ಹೊರಡುವ ಸಿದ್ಧತೆಯಿಂದ ದಿನಚರಿಯವರೆಗೆ ಸಮಗ್ರ ಮಾರ್ಗದರ್ಶಿ

ಕರಡಿಯೋ ಮೊಲವೋ ಆನೆಯೋ, ಒಂದು ಮೆತ್ತನೆ ಗೊಂಬೆಯನ್ನು ಊರೂರು ಸುತ್ತಿಸಿ, ಗೆಳೆಯರ ಜೊತೆ ಅದು ನಡೆಸುವ ಸಣ್ಣಪುಟ್ಟ ಸಾಹಸಗಳನ್ನು ಚಿತ್ರದಲ್ಲೂ ಬರಹದಲ್ಲೂ ಹಿಡಿದಿಡುವ ಹವ್ಯಾಸಕ್ಕೆ ಬೇಕಾಗುವ ಸಾಮಾನು ಬಹಳ ಕಡಿಮೆ. ಗೊಂಬೆ, ಫೋನ್, ಸೂಜಿದಾರ, ಒಂದು ನೋಟ್‌ಬುಕ್ ಇದ್ದರೆ ಸಾಕು. ಆದರೂ ಇಂಥ ಸರಣಿಗಳು ಬೇಗ ಸೊರಗುತ್ತವೆ. ಪ್ರತಿ ಚಿತ್ರದಲ್ಲೂ ಗೊಂಬೆ ಯಾವುದೋ ಕಟ್ಟಡದ ಮುಂದೆ ಸುಮ್ಮನೆ ಕೂತಿರುತ್ತದೆ. ನೋಡುವವರಿಗೆ ಮುಂದೇನಾಯಿತು ಎಂದು ಕೇಳಬೇಕೆನಿಸುವುದಿಲ್ಲ. ಗೊಂಬೆಗೆ ಪ್ರತಿ ಚಿತ್ರದಲ್ಲೂ ಮಾಡಲು ಒಂದು ಕೆಲಸ ಇರಬೇಕು. ಈ ಮಾರ್ಗದರ್ಶಿಯ ಹೊಲಿಗೆ, ಪ್ಯಾಕಿಂಗ್, ಬೆಳಕು ಎಲ್ಲವೂ ಆ ಒಂದು ಮಾತಿಗೆ ಅನುಕೂಲವಾಗುವ ಹಾಗೆ ಇವೆ.

ಯಾವ ಗೊಂಬೆ ಹೊರಡಬೇಕು

ಕೂತಾಗ 15ರಿಂದ 25 ಸೆಂ.ಮೀ. ಎತ್ತರ ಇರುವ ಗೊಂಬೆ ಅತ್ಯಂತ ಅನುಕೂಲ. ಹತ್ತು ಸೆಂ.ಮೀ.ಗಿಂತ ಚಿಕ್ಕದು ಕೈತಪ್ಪಿ ಬಿದ್ದರೂ ಗೊತ್ತಾಗುವುದಿಲ್ಲ, ಚಿತ್ರದಲ್ಲಿ ಮುಖಭಾವವೂ ಕಾಣುವುದಿಲ್ಲ. 35 ಸೆಂ.ಮೀ. ದಾಟಿದರೆ ಅರ್ಧ ಚೀಲ ಅದಕ್ಕೇ ಹೋಗುತ್ತದೆ, ಮೂರನೇ ದಿನಕ್ಕೆ ಹೊತ್ತು ತಿರುಗುವ ಉತ್ಸಾಹ ಇಳಿಯುತ್ತದೆ.

ಗಿಡ್ಡ ರೋಮದ ಬಟ್ಟೆ ಒಳ್ಳೆಯದು. ಉದ್ದ ರೋಮಕ್ಕೆ ಹುಲ್ಲಿನ ಮುಳ್ಳು, ಮರಳು, ವೆಲ್ಕ್ರೋ ಎಲ್ಲ ಅಂಟುತ್ತವೆ. ಕಿತ್ತು ತೆಗೆಯುವಾಗ ರೋಮವೂ ಕಿತ್ತು ಬರುತ್ತದೆ. ಬಣ್ಣ ಕಂದು, ಬೂದು, ಹಳದಿಯಂಥ ನಡುವಣದ್ದಾಗಿರಲಿ. ಅಚ್ಚ ಬಿಳಿ ಮತ್ತು ಅಚ್ಚ ಕಪ್ಪು ಗೊಂಬೆಗಳನ್ನು ಚಿತ್ರ ತೆಗೆಯುವುದು ಕಷ್ಟ, ಅದಕ್ಕೆ ಉಪಾಯ ಮುಂದೆ ಹೇಳಿದೆ.

ಮಗು ರಾತ್ರಿ ತಬ್ಬಿಕೊಂಡು ಮಲಗುವ ಗೊಂಬೆಯನ್ನು ಪ್ರವಾಸದ ನಾಯಕನನ್ನಾಗಿ ಮಾಡಬೇಡಿ. ಅದು ಕಳೆದರೆ ಅದಕ್ಕೆ ಬದಲಿ ಇಲ್ಲ. ಅದೇ ಬೇಕೆಂದು ಮಗು ಹಟ ಹಿಡಿದರೆ ಅಂಥದ್ದೇ ಇನ್ನೊಂದನ್ನು ಮೊದಲೇ ತಂದು, ಎರಡನ್ನೂ ವಾರಕ್ಕೊಮ್ಮೆ ಅದಲುಬದಲು ಮಾಡುತ್ತಾ ಬನ್ನಿ. ಸವೆತವೂ ವಾಸನೆಯೂ ಎರಡರಲ್ಲಿ ಒಂದೇ ತರಹ ಇರುತ್ತದೆ. ಕಳೆದ ಮೇಲೆ ತಂದ ಹೊಸ ಗೊಂಬೆಯನ್ನು ಮಗು ಮೂಸಿ ನೋಡಿಯೇ ಬೇರೆ ಎಂದು ಹೇಳಿಬಿಡುತ್ತದೆ.

ಹೊರಡುವ ಮೊದಲಿನ ಸಿದ್ಧತೆ

ಮೊದಲು ಹೊಲಿಗೆಗಳ ತಪಾಸಣೆ. ಕತ್ತು, ಕಂಕುಳು, ಕಾಲಿನ ಬುಡ, ಬಾಲದ ಬುಡ, ಈ ನಾಲ್ಕು ಕಡೆ ಬಟ್ಟೆಯನ್ನು ಎರಡೂ ಬದಿಗೆ ಮೆಲ್ಲಗೆ ಎಳೆದು ನೋಡಿ. ದಾರ ಕಾಣಿಸಿದರೆ ಅಥವಾ ಹೊಲಿಗೆ ಬಾಯಿಬಿಟ್ಟರೆ ಈಗಲೇ ಬಿಗಿ ಮಾಡಿ. ದಾರಿಯಲ್ಲಿ ಬಿಚ್ಚಿಕೊಂಡರೆ ಒಳಗಿನ ಪಾಲಿಯೆಸ್ಟರ್ ಹತ್ತಿ ಹೊರಬರುತ್ತದೆ. ಕಣ್ಣು, ಮೂಗುಗಳನ್ನು ಉಗುರಿನಲ್ಲಿ ಹಿಡಿದು ಎಳೆಯಿರಿ. ಅಲುಗಾಡುವ ಗುಂಡಿ ಕಣ್ಣನ್ನು ಮೂರು ವರ್ಷದೊಳಗಿನ ಮಕ್ಕಳ ಕೈಗೆ ಕೊಡಬಾರದು, ನುಂಗಿ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಅಂಥ ಕಣ್ಣನ್ನು ತೆಗೆದು ಕಪ್ಪು ದಾರದಲ್ಲಿ ಕಸೂತಿ ಹಾಕಿದರೆ ಚಿಂತೆಯೇ ಇಲ್ಲ.

ಆಮೇಲೆ ಕೂರುವ ಪರೀಕ್ಷೆ. ಸಮತಟ್ಟಾದ ಮೇಜಿನ ಮೇಲೆ ಕೂರಿಸಿ ಹಣೆಗೆ ಬೆರಳು ತಾಗಿಸಿ. ಹಿಂದಕ್ಕೆ ಮಗುಚಿದರೆ ಬುಡಕ್ಕೆ ತೂಕ ಸಾಲದು. ಬುಡದ ಹೊಲಿಗೆಯನ್ನು 4–5 ಸೆಂ.ಮೀ. ಬಿಚ್ಚಿ, ಪ್ಲಾಸ್ಟಿಕ್ ಕಾಳುಗಳನ್ನು ತುಂಬಿ ಎರಡು ಸಲ ಹೊಲಿದ ಪುಟ್ಟ ಬಟ್ಟೆಚೀಲವನ್ನು ಒಳಗಿಡಿ. 20 ಸೆಂ.ಮೀ. ಗೊಂಬೆಗೆ 60ರಿಂದ 100 ಗ್ರಾಂ ಸಾಕು. ಧಾನ್ಯ ತುಂಬಬೇಡಿ, ತೇವ ತಗುಲಿದರೆ ಬೂಸ್ಟು, ಇಲ್ಲದಿದ್ದರೆ ಹುಳು. ಪುಟ್ಟ ಮಕ್ಕಳ ಗೊಂಬೆಗೆ ಕಾಳು ಹಾಕುವ ಯೋಚನೆಯೇ ಬೇಡ.

ಕೈಕಾಲು ಬೇಕಾದ ಭಂಗಿಯಲ್ಲಿ ನಿಲ್ಲಬೇಕೆಂದರೆ ಒಳಗೆ ತಂತಿ ಹಾಕಬಹುದು. 2 ಮಿ.ಮೀ. ಅಲ್ಯೂಮಿನಿಯಂ ತಂತಿಯನ್ನು ಜೋಡಿಯಾಗಿ ಹೆಣೆದು, ತುದಿಗಳನ್ನು ಉಂಗುರವಾಗಿ ಸುತ್ತಿ, ಬಟ್ಟೆಯ ಟೇಪ್ ಹಚ್ಚಿ ತೂರಿಸಿ. ತುದಿ ಸುತ್ತದೆ ಬಿಟ್ಟರೆ ಅದು ಪಂಜದಿಂದ ಹೊರಬಂದು ಚುಚ್ಚುತ್ತದೆ. ಅಲ್ಯೂಮಿನಿಯಂ ಬಗ್ಗಿಸಿದ ಹಾಗೆ ನಿಲ್ಲುತ್ತದೆ, ಆದರೆ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಮಡಚಿದರೆ ತುಂಡಾಗುತ್ತದೆ. ಆದ್ದರಿಂದ ಮೊಣಕೈಯನ್ನು ಚೂಪಾಗಿ ಮಡಚದೆ ಬಾಗಿದ ಹಾಗೆ ಇಡಿ. ತಂತಿ ಇರುವ ಗೊಂಬೆ ದೊಡ್ಡವರ ಕೈಯಲ್ಲೇ ಇರಲಿ.

ಇನ್ನು ತಪ್ಪಿಸಿಕೊಳ್ಳದಂತೆ ಕಟ್ಟುವ ದಾರ. ಬಹಳ ಜನ ಇದನ್ನು ಕತ್ತಿಗೆ ಕಟ್ಟುತ್ತಾರೆ. ಗೊಂಬೆಯ ಹೊಲಿಗೆಗಳಲ್ಲಿ ಕತ್ತೇ ಬಲಹೀನ, ಚಿತ್ರದಲ್ಲೂ ದಾರ ಎದ್ದು ಕಾಣುತ್ತದೆ. ಬೆನ್ನಿನ ಕೆಳಭಾಗದಲ್ಲಿ, ಸೊಂಟದ ಮಟ್ಟದ ಹೊಲಿಗೆಯೊಳಗೆ 2 ಸೆಂ.ಮೀ. ರಿಬ್ಬನ್ ಕುಣಿಕೆ ಸೇರಿಸಿ ಹೊಲಿಯಿರಿ. ಬರೀ ರೋಮದ ಬಟ್ಟೆಗೆ ಹೊಲಿದರೆ ಬಟ್ಟೆಯೇ ಹರಿಯುತ್ತದೆ. ಆ ಕುಣಿಕೆಗೆ 30–40 ಸೆಂ.ಮೀ. ದಾರ, ತುದಿಗೊಂದು ಚಿಕ್ಕ ಕೊಂಡಿ ಹಾಕಿ ಚೀಲಕ್ಕೆ ಸಿಕ್ಕಿಸಿ. ಬಾಹ್ಯಾಕಾಶಕ್ಕೆ ಹೋಗುವ ಗೊಂಬೆಗಳಿಗೂ ದಾರ ಉಂಟು: ರಷ್ಯಾದ ಸೋಯುಜ್ ನೌಕೆಗಳಲ್ಲಿ ಯಾತ್ರಿಗಳ ಮುಂದೆ ಪುಟ್ಟ ಗೊಂಬೆಯೊಂದನ್ನು ದಾರದಲ್ಲಿ ತೂಗುಹಾಕುತ್ತಾರೆ. ದಾರ ಸಡಿಲವಾಗಿ ಗೊಂಬೆ ತೇಲತೊಡಗಿದರೆ ತೂಕವಿಲ್ಲದ ಸ್ಥಿತಿ ಬಂತು ಎಂದರ್ಥ. 2022ರಲ್ಲಿ ಚಂದ್ರನನ್ನು ಸುತ್ತಿಬಂದ ನಾಸಾದ ಆರ್ಟೆಮಿಸ್ 1 ಯಾನದಲ್ಲಿ ಇದೇ ಕೆಲಸಕ್ಕೆ ಕಾರ್ಟೂನ್ ನಾಯಿ ಸ್ನೂಪಿಯ ಗೊಂಬೆ ಹೋಗಿತ್ತು. ಗೊಂಬೆಗೆ ಒಂದು ಕೆಲಸ ಕೊಟ್ಟರೆ ಪ್ರವಾಸಕ್ಕೆ ಎಷ್ಟು ಅರ್ಥ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಚೆಂದದ ಉದಾಹರಣೆ ಸಿಗಲಾರದು.

ಕೊನೆಗೆ ಗುರುತಿನ ಪಟ್ಟಿ. 2×5 ಸೆಂ.ಮೀ. ಹತ್ತಿಬಟ್ಟೆಯ ಮೇಲೆ ನೀರಿಗೆ ಅಳಿಯದ ಪೆನ್ನಿನಿಂದ ಒಂದು ಫೋನ್ ನಂಬರ್ ಅಥವಾ ಇಮೇಲ್ ಬರೆದು, ಇಸ್ತ್ರಿ ಒತ್ತಿ ಶಾಯಿ ಹಿಡಿಸಿ, ಕುಣಿಕೆಯ ಪಕ್ಕದಲ್ಲಿ ಹೊಲಿಯಿರಿ. ಮಗುವಿನ ಹೆಸರು, ಮನೆ ವಿಳಾಸ ಬರೆಯಬೇಡಿ. ಗೊಂಬೆಯ ನಾಲ್ಕೂ ಬದಿಯ ಚಿತ್ರ, ಸ್ಕೇಲ್ ಪಕ್ಕದಲ್ಲಿಟ್ಟ ಒಂದು ಚಿತ್ರ, ತಯಾರಕರ ಪಟ್ಟಿಯ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ. ಕಳೆದುಹೋದಾಗ ವಿಚಾರಿಸಲು ಇವೇ ಬೇಕಾಗುತ್ತವೆ.

ಸ್ವಭಾವ ಮತ್ತು ಗೆಳೆಯರ ಬಳಗ

ಗೊಂಬೆಗೆ ಏನಿಷ್ಟ, ಏನು ಭಯ, ಯಾವ ವಿಷಯದಲ್ಲಿ ಹಟ, ಈ ಮೂರನ್ನು ಅರ್ಧ ಪುಟದಲ್ಲಿ ಬರೆದಿಡಿ. ಮೆಟ್ಟಿಲೆಂದರೆ ಹೆದರುವ ಆನೆಗೆ ಪ್ರತಿ ಊರಿನ ಪ್ರತಿ ಮೆಟ್ಟಿಲೂ ಒಂದು ಪ್ರಸಂಗ. ಎಲ್ಲ ಬೀಗದ ಕಣ್ಣಿಗೂ ಇಣುಕುವ ಮೊಲಕ್ಕೆ ಯಾವ ಬಾಗಿಲಾದರೂ ಸಾಕು. ಒಮ್ಮೆ ಬರೆದ ಮೇಲೆ ಮೀರಬೇಡಿ. ನಿನ್ನೆ ನೀರಿಗೆ ಹೆದರಿದ ಕರಡಿ ಇಂದು ಕಾರಣವಿಲ್ಲದೆ ದೋಣಿ ಹತ್ತಿದರೆ ಓದುವ ಮಕ್ಕಳೇ ಮೊದಲು ಕೇಳುತ್ತಾರೆ. ಭಯ ಬಿಡಬೇಕೆಂದರೆ ಅದಕ್ಕೊಂದು ಇಡೀ ಪ್ರಸಂಗವನ್ನೇ ಮೀಸಲಿಡಿ.

ಗೆಳೆಯರು ಮೂರು ಅಥವಾ ನಾಲ್ಕು ಇದ್ದರೆ ಸರಿ. ಐದು ದಾಟಿದರೆ ಪ್ರತಿ ಚಿತ್ರಕ್ಕೂ ಎಲ್ಲರನ್ನೂ ನಿಲ್ಲಿಸುವುದರಲ್ಲೇ ಹೊತ್ತು ಹೋಗುತ್ತದೆ, ಓದುಗರಿಗೂ ಯಾರು ಯಾರೆಂದು ನೆನಪಿರುವುದಿಲ್ಲ. ಎತ್ತರದಲ್ಲೂ ಗುಣದಲ್ಲೂ ವ್ಯತ್ಯಾಸ ಇರಲಿ: ಒಬ್ಬ ಅವಸರಗೇಡಿ, ಒಬ್ಬ ನಿಧಾನಿ, ಒಬ್ಬ ಲೆಕ್ಕಾಚಾರದವ. ಒಬ್ಬ ಗೆಳೆಯನನ್ನು ಮನೆಯಲ್ಲೇ ಬಿಟ್ಟು ಹೋಗುವುದು ತುಂಬ ಉಪಯುಕ್ತ. ಪ್ರವಾಸಿ ಅವನಿಗೆ ಪತ್ರ ಬರೆಯುತ್ತದೆ, ಅವನು ಕೇಳುವ ಪ್ರಶ್ನೆಗಳಿಂದ ಮುಂದಿನ ಪ್ರಸಂಗ ಹುಟ್ಟುತ್ತದೆ.

ಸಾಮಾನಿನ ಅಳತೆಯ ಬಗ್ಗೆ ಒಂದು ನಿಯಮ. ಗೊಂಬೆಯ ಲೋಕದಲ್ಲಿ ಎರಡು ದಾರಿ ಇವೆ. ಒಂದು, ಎಲ್ಲವೂ ಅದರ ಅಳತೆಗೆ: 20 ಸೆಂ.ಮೀ. ಗೊಂಬೆಗೆ 5–6 ಸೆಂ.ಮೀ. ಚೀಲ, ಬೆಂಕಿಪೊಟ್ಟಣದ ಪೆಟ್ಟಿಗೆ. ಇನ್ನೊಂದು, ನಮ್ಮ ಸಾಮಾನೇ ಅದಕ್ಕೆ ಭಾರೀ ಗಾತ್ರದ್ದು: ಚಮಚವೇ ಹುಟ್ಟು, ಬೂಟೇ ದೋಣಿ. ಎರಡೂ ಚೆನ್ನ, ಆದರೆ ಒಂದೇ ಚಿತ್ರದಲ್ಲಿ ಬೆರೆಸಬೇಡಿ. ಪುಟ್ಟ ಕುರ್ಚಿಯಲ್ಲಿ ಕೂತು ನಮ್ಮ ಚಮಚ ಹಿಡಿದ ಗೊಂಬೆ ಎಷ್ಟು ದೊಡ್ಡದೆಂದು ಕಣ್ಣಿಗೆ ತಿಳಿಯದೆ ಆಟದ ನಂಬಿಕೆ ಮುರಿಯುತ್ತದೆ.

ಪ್ಯಾಕಿಂಗ್ ಮತ್ತು ದಾರಿ

ಗೊಂಬೆಯನ್ನು ಬಟ್ಟೆಚೀಲದೊಳಗೆ ಇಟ್ಟು, ಚೀಲದಲ್ಲಿ ತಲೆ ಮೇಲಾಗಿ ನಿಲ್ಲಿಸಿ. ತಲೆಯ ಮೇಲೆ ಭಾರ ಬಿದ್ದರೆ ಮೂಗು ಅಪ್ಪಚ್ಚಿಯಾಗಿ ದಿನವಿಡೀ ಹಾಗೇ ಇರುತ್ತದೆ. ಜೊತೆಗೊಂದು ಚಿಕ್ಕ ಡಬ್ಬಿ: ಸೂಜಿ, ಗೊಂಬೆಯ ಬಣ್ಣದ ಬಲವಾದ ದಾರ, ಮೆತ್ತನೆ ಹಲ್ಲುಜ್ಜುವ ಬ್ರಷ್ (ರೋಮ ಬಾಚಲು), ಎರಡು ಬದಿ ಅಂಟುವ ಟೇಪ್, ನಾಲ್ಕು ರಬ್ಬರ್ ಬ್ಯಾಂಡ್, ಒಂದು ಬಿಳಿ ಕಾರ್ಡ್, ಜಿಪ್ ಇರುವ ಪ್ಲಾಸ್ಟಿಕ್ ಚೀಲ.

ವಿಮಾನದಲ್ಲಾದರೆ ಕೈಚೀಲದಲ್ಲೇ ಇಟ್ಟುಕೊಳ್ಳಿ. ಲಗೇಜಿಗೆ ಹಾಕಿದ ಚೀಲ ತಪ್ಪಿದರೆ ನಾಯಕನೇ ತಪ್ಪಿದ ಹಾಗೆ. ತಪಾಸಣೆಯಲ್ಲಿ ಗೊಂಬೆಯೂ ಎಕ್ಸ್‌ರೇ ಯಂತ್ರದೊಳಗೆ ಹೋಗಬೇಕು. ತಂತಿ, ತೂಕದ ಚೀಲ, ಮಾತಾಡುವ ಗೊಂಬೆಯ ಪೆಟ್ಟಿಗೆ ಪರದೆಯಲ್ಲಿ ಕಾಣುವುದರಿಂದ ಸಿಬ್ಬಂದಿ ಕೈಯಲ್ಲಿ ಹಿಡಿದು ನೋಡಬಹುದು. ಹೊಟ್ಟೆಯೊಳಗೆ ಹಣ, ಆಭರಣ ಹೊಲಿದಿಡುವ ಬುದ್ಧಿ ಬೇಡ, ಅಲ್ಲೇ ಬಿಚ್ಚಬೇಕಾಗುತ್ತದೆ. ಮಗುವಿಗೆ ಮೊದಲೇ ಹೇಳಿಡಿ: ಟ್ರೇಯಲ್ಲಿ ಕೂತು ಸುರಂಗದೊಳಗೆ ಹೋಗಿ ಆ ಬದಿಯಲ್ಲಿ ಸಿಗುತ್ತದೆ.

ಗೊಂಬೆ ಕಳೆಯುವುದು ಹೆಚ್ಚಾಗಿ ಎದ್ದು ಹೊರಡುವ ಗಳಿಗೆಯಲ್ಲಿ: ಆಸನ, ಹೋಟೆಲ್ ಹಾಸಿಗೆ, ಊಟದ ಮೇಜು. ಹಾಸಿಗೆಯ ಚಾದರದ ಜೊತೆ ಸುತ್ತಿಕೊಂಡು ಒಗೆಯಲು ಹೋಗುವುದು ತೀರ ಸಾಮಾನ್ಯ. ಜಾಗ ಬಿಡುವ ಮುನ್ನ ಹೆಸರು ಕೂಗಿ ಹಾಜರಿ ತೆಗೆದುಕೊಳ್ಳುವುದನ್ನು ಆಟದ ಭಾಗವಾಗಿಸಿ, ಆ ಕೆಲಸ ಮಗುವಿಗೇ ಕೊಡಿ. ಕಾರಿನ ಮುಂಗಾಜಿನ ಬಳಿ ಬಿಸಿಲಿಗೆ ಬಿಡಬೇಡಿ. ಬಣ್ಣ ಒಂದೇ ಬದಿ ಮಾಸುತ್ತದೆ.

ಚಿತ್ರ ತೆಗೆಯುವುದು

ಮೊದಲ ಕೆಲಸ ಕ್ಯಾಮೆರಾವನ್ನು ಗೊಂಬೆಯ ಕಣ್ಣಿನ ಮಟ್ಟಕ್ಕೆ ಇಳಿಸುವುದು. ನಿಂತುಕೊಂಡು ಮೇಲಿನಿಂದ ತೆಗೆದರೆ ನೆಲದ ಮೇಲೆ ಬಿದ್ದ ಆಟಿಕೆ ಕಾಣುತ್ತದೆ. ಕಣ್ಣಿನ ಮಟ್ಟದಲ್ಲಿ ತೆಗೆದರೆ ಊರು ನೋಡಲು ಬಂದ ಜೀವ ಕಾಣುತ್ತದೆ. ಫೋನನ್ನು ತಲೆಕೆಳಗೆ ಹಿಡಿಯಿರಿ. ಲೆನ್ಸ್ ಮೇಲಿನ ಮೂಲೆಯಲ್ಲಿರುವುದರಿಂದ ಅದು ನೆಲದ ಹತ್ತಿರಕ್ಕೆ ಬರುತ್ತದೆ, ನೀವು ಮಲಗಬೇಕಾಗಿಲ್ಲ.

ದೂರ ಎರಡನೆಯದು. ಮಾಮೂಲಿ ಲೆನ್ಸಿನಲ್ಲಿ 20 ಸೆಂ.ಮೀ. ಹತ್ತಿರ ಹೋದರೆ ಮೂಗು ಊದಿ ಕಿವಿಗಳು ಚಿಕ್ಕವಾಗುತ್ತವೆ. 60 ಸೆಂ.ಮೀ. ಹಿಂದೆ ಸರಿದು 2 ಪಟ್ಟು ಜೂಮ್ ಮಾಡಿದರೆ ಮುಖ ಸರಿಯಾಗಿ ಬರುತ್ತದೆ. ಹಿಂದೆ ದೊಡ್ಡ ಗೋಪುರ, ಬೆಟ್ಟ ಬೇಕಿದ್ದರೆ ಗೊಂಬೆಯನ್ನು ಗೋಡೆಯ ಅಂಚಿನಂಥ ಎತ್ತರದ ಜಾಗದಲ್ಲಿ, ಕ್ಯಾಮೆರಾದಿಂದ ಅರ್ಧ ಮೀಟರ್‌ನಲ್ಲಿ ಕೂರಿಸಿ, ನೀವು ಗೋಪುರದಿಂದ ಬಹಳ ದೂರ ಬನ್ನಿ. ಗೋಪುರದ ಬುಡದಲ್ಲೇ ಕೂರಿಸಿದರೆ ಕಲ್ಲಿನ ಗೋಡೆಯೊಂದೇ ಕಾಣುತ್ತದೆ. ಹಿನ್ನೆಲೆ ತೀರ ಮಸುಕಾದರೆ ಗೊಂಬೆಯಿಂದ ಇನ್ನಷ್ಟು ಹಿಂದೆ ಸರಿಯಿರಿ. ಅತಿ ಅಗಲದ ಲೆನ್ಸ್ ಬಳಸುವುದಾದರೆ ಗೊಂಬೆಯನ್ನು ನಡುವೆಯೇ ಇಡಿ, ಅಂಚಿನಲ್ಲಿ ಅದು ಹಿಗ್ಗಿ ಕಾಣುತ್ತದೆ.

ಪರದೆಯಲ್ಲಿ ಗೊಂಬೆಯ ಹತ್ತಿರದ ಕಣ್ಣನ್ನು ಮುಟ್ಟಿ ಫೋಕಸ್ ಮಾಡಿ. ಹಿನ್ನೆಲೆ ಮಸುಕು ಮಾಡುವ ಪೋರ್ಟ್ರೇಟ್ ಮೋಡ್ ರೋಮದ ಅಂಚನ್ನು ಗುರುತಿಸಲಾಗದೆ ಕಿವಿಯನ್ನೂ ಮೀಸೆಯನ್ನೂ ಕತ್ತರಿಸಿಬಿಡುತ್ತದೆ. ಮಾಮೂಲಿ ಮೋಡೇ ಒಳ್ಳೆಯದು.

ಗೊಂಬೆ ಬದುಕಿದೆ ಎಂದು ತೋರಿಸುವುದು ಕಣ್ಣಿನೊಳಗಿನ ಬೆಳಕಿನ ಚುಕ್ಕಿ. ಕಪ್ಪು ಪ್ಲಾಸ್ಟಿಕ್ ಕಣ್ಣು ಕನ್ನಡಿಯಂತೆ ಪ್ರತಿಫಲಿಸುತ್ತದೆ. ಎದುರಿಗೆ ತೆರೆದ ಆಕಾಶವೋ ಕಿಟಕಿಯೋ ಇದ್ದರೆ ಚುಕ್ಕಿ ತಾನಾಗಿ ಬರುತ್ತದೆ. ಬಾರದಿದ್ದರೆ ಗೊಂಬೆಯ ಗಲ್ಲವನ್ನು ಸ್ವಲ್ಪ ಎತ್ತಿ, ಅಥವಾ ಬಿಳಿ ಕಾರ್ಡನ್ನು ಮುಖದ ಕೆಳಗೆ ಓರೆಯಾಗಿ ಹಿಡಿಯಿರಿ. ಫ್ಲ್ಯಾಶ್ ಬೇಡ, ರೋಮದ ಮೆತ್ತನೆತನವೆಲ್ಲ ಚಪ್ಪಟೆಯಾಗುತ್ತದೆ. ನಡುಮಧ್ಯಾಹ್ನದ ಬಿಸಿಲಲ್ಲಿ ಹಣೆಯ ನೆರಳು ಕಣ್ಣಿನ ಮೇಲೆ ಬೀಳುವುದರಿಂದ ಮರದ ನೆರಳಿಗೆ ಬನ್ನಿ.

ಬಿಳಿ ಗೊಂಬೆ ಚಿತ್ರದ ತುಂಬ ಇದ್ದರೆ ಫೋನ್ ಅದನ್ನು ಬೂದು ಮಾಡುತ್ತದೆ; ಬೆಳಕಿನ ಮಟ್ಟವನ್ನು ತುಸು ಏರಿಸಿ. ಅದೇ ಗೊಂಬೆ ಕತ್ತಲ ಹಿನ್ನೆಲೆಯ ಮುಂದೆ ಚಿಕ್ಕದಾಗಿದ್ದರೆ ಉರಿದುಹೋದ ಬಿಳಿ ಚುಕ್ಕೆಯಾಗುತ್ತದೆ, ಆಗ ಇಳಿಸಿ. ಚಿತ್ರ ತುಂಬಿದ ಕಪ್ಪು ಗೊಂಬೆಯನ್ನು ಫೋನ್ ಮಾಸಿದ ಬೂದಾಗಿಸುತ್ತದೆ, ಬೆಳಕನ್ನು ತುಸು ತಗ್ಗಿಸಿ. ರೋಮದ ಎಳೆ ಕಾಣಬೇಕಾದರೆ ಬೆಳಕು ಪಕ್ಕದಿಂದ ಬರಲಿ.

ಭಂಗಿಯಲ್ಲಿ ಮೂರು ಸಂಗತಿ. ತಲೆ ನೆಟ್ಟಗಿರದೆ ತುಸು ವಾಲಿರಲಿ. ಎರಡು ಕೈ ಒಂದೇ ತರಹ ಇರಬಾರದು. ನೋಟ ಕ್ಯಾಮೆರಾದ ಕಡೆಗಲ್ಲದೆ ತಾನು ಮಾಡುತ್ತಿರುವ ಕೆಲಸದ ಕಡೆಗಿರಲಿ: ನಕ್ಷೆಯ ಮೇಲೆ, ಜಾರಿದ ಚೆಂಡಿನ ಮೇಲೆ, ಗೆಳೆಯನ ಮುಖದ ಮೇಲೆ. ಪಂಜ ವಸ್ತುವನ್ನು ಮುಟ್ಟಿರಲೇಬೇಕು. ಕೂದಲೆಳೆಯಷ್ಟು ಅಂತರ ಉಳಿದರೂ ಹಿಡಿದ ಹಾಗೆ ಕಾಣುವುದಿಲ್ಲ. ಕ್ಯಾಮೆರಾಕ್ಕೆ ಕಾಣದ ಬದಿಯಲ್ಲಿ ಟೇಪ್ ಹಚ್ಚಿ. ನಿಲ್ಲಿಸಲು ಬೆನ್ನ ಹಿಂದೆ ಕಲ್ಲು ಅಥವಾ ನೀರಿನ ಬಾಟಲಿ ಇಡಿ. ಗಾಳಿ ಇದ್ದರೆ ದಾರವನ್ನು ಬಿಚ್ಚಲೇಬೇಡಿ, ಗೊಂಬೆಯ ಹಿಂದೆ ಸುತ್ತಿಡಿ. ಸೇತುವೆ, ದೋಣಿ, ಪ್ರಪಾತದ ಅಂಚಿನಲ್ಲಂತೂ ಒಂದು ಕೈ ದಾರದ ಮೇಲಿರಲಿ.

ಒಂದು ಪ್ರಸಂಗಕ್ಕೆ ಕನಿಷ್ಠ ಮೂರು ಚಿತ್ರ: ಜಾಗ ತೋರಿಸುವ ದೂರದ್ದು, ಕೆಲಸ ತೋರಿಸುವ ನಡುವಿನದು, ಮುಖ ಅಥವಾ ಪಂಜದ ಹತ್ತಿರದ್ದು. ಅಲ್ಲೇ ಹಿಗ್ಗಿಸಿ ನೋಡಿ: ತಯಾರಕರ ಪಟ್ಟಿ ಇಣುಕಿದೆಯೇ, ದಾರ ಕಂಡಿದೆಯೇ, ಹಿಂದಿನ ಕಂಬ ತಲೆಯಿಂದ ಮೊಳೆತಂತಿದೆಯೇ.

ವಸ್ತುಸಂಗ್ರಹಾಲಯದಲ್ಲಿ ಚಿತ್ರ ತೆಗೆಯಬಹುದೇ ಎಂದು ಮೊದಲೇ ಕೇಳಿ. ಸತ್ತವರ ಸ್ಮಾರಕದಲ್ಲಿ ಗೊಂಬೆಯನ್ನು ಚೀಲದೊಳಗೇ ಇಡಿ. ಕಾಡುಪ್ರಾಣಿಯ ಹತ್ತಿರ ಕೊಂಡೊಯ್ಯಬೇಡಿ. ಅಪರಿಚಿತರ, ಅದರಲ್ಲೂ ಮಕ್ಕಳ ಮುಖ ಚಿತ್ರದಲ್ಲಿ ಬಾರದಿರಲಿ. ಚಿತ್ರದೊಳಗಿನ ಸ್ಥಳದ ಮಾಹಿತಿ ಅಳಿಸಿ, ಆ ಊರು ಬಿಟ್ಟ ಮೇಲಷ್ಟೇ ಪ್ರಕಟಿಸಿ.

ಮನೆಯೊಳಗಿನ ಸಾಹಸಗಳು

ಪ್ರವಾಸ ವರ್ಷಕ್ಕೆ ಕೆಲವು ದಿನ ಮಾತ್ರ. ಸರಣಿಯನ್ನು ಉಳಿಸುವುದು ಮನೆಯ ಪ್ರಸಂಗಗಳೇ. ಸೋಫಾದ ಕೆಳಗೆ ಉರುಳಿದ ಚೆಂಡು ತರುವುದನ್ನೇ ತೆಗೆದುಕೊಳ್ಳಿ. ಮೊದಲ ಚಿತ್ರದಲ್ಲಿ ಮೂವರೂ ಬಾಗಿ ಇಣುಕುತ್ತಿದ್ದಾರೆ. ಎರಡನೆಯದರಲ್ಲಿ ಮೊಲ ಸೊಂಟದವರೆಗೆ ಒಳಗೆ ಹೋಗಿದೆ, ಆನೆ ಅದರ ಕಾಲು ಹಿಡಿದಿದೆ (ರಬ್ಬರ್ ಬ್ಯಾಂಡ್ ಸೊಂಡಿಲ ಹಿಂದೆ ಅಡಗಿದೆ). ಮೂರನೆಯದರಲ್ಲಿ ಚೆಂಡಿನ ಬದಲು ಒಂದು ಕಾಲುಚೀಲ ಹೊರಬಂದಿದೆ. ಬೇಕೆಂದದ್ದು ಸಿಗದೆ ಬೇರೇನೋ ಸಿಕ್ಕಿತಲ್ಲ, ಮುಂದಿನ ಪ್ರಸಂಗಕ್ಕೆ ದಾರಿ ಅಲ್ಲಿಯೇ ತೆರೆಯಿತು.

ಬೆಳಕಿಗೆ ಕಿಟಕಿಯಿಂದ ಒಂದು ಮೀಟರ್ ದೂರ, ಪಕ್ಕಕ್ಕೆ ತಿರುಗಿಸಿ ಕೂರಿಸಿ. ಇನ್ನೊಂದು ಬದಿಗೆ ಬಿಳಿ ಕಾಗದ ನಿಲ್ಲಿಸಿದರೆ ನೆರಳು ಹಗುರಾಗುತ್ತದೆ. ಕೋಣೆಯ ದೀಪ ಆರಿಸಿಬಿಡಿ, ಇಲ್ಲದಿದ್ದರೆ ಒಂದು ಕೆನ್ನೆ ಹಳದಿ, ಇನ್ನೊಂದು ನೀಲಿಯಾಗುತ್ತದೆ.

ದಿನಚರಿ ಬರೆಯುವುದು

ಅದೇ ದಿನ ಬರೆಯಿರಿ. ದಿನಾಂಕ, ಜಾಗ, ಹವೆ, ಗೊಂಬೆ ಮಾಡಿದ್ದೇನು, ಗೆಳೆಯರ ನಡುವೆ ನಡೆದ ಒಂದು ಮಾತು, ಇಷ್ಟು ಸಾಕು. ಗೊಂಬೆಯೇ “ನಾನು” ಎಂದು ಹೇಳುವುದೋ, ಬೇರೆಯವರು ಅದರ ಕಥೆ ಹೇಳುವುದೋ, ಒಂದನ್ನು ಆರಿಸಿ ಕೊನೆತನಕ ಉಳಿಸಿಕೊಳ್ಳಿ.

ಚಿತ್ರದಡಿಯ ಸಾಲು ಕಂಡದ್ದನ್ನೇ ಮತ್ತೆ ಹೇಳಬಾರದು. “ಮೊಲ ಮೆಟ್ಟಿಲ ಮೇಲೆ ಕೂತಿದೆ” ಎಂದು ಚಿತ್ರವೇ ಹೇಳಿತು. “ಏಳನೇ ಮೆಟ್ಟಿಲಿಗೆ ಮೊಲ ಕೂತುಬಿಟ್ಟಿತು, ಆನೆ ಬರುವ ತನಕ ಏಳುವುದಿಲ್ಲವಂತೆ” ಎಂದರೆ ಚಿತ್ರದ ಹೊರಗಿರುವ ಆನೆಯೂ ಕಾಣುತ್ತದೆ. ಚಿತ್ರಗಳಿಗೆ 2025-03-14-01 ಎಂಬಂತೆ ದಿನಾಂಕದಿಂದ ಹೆಸರಿಟ್ಟರೆ ತಾವಾಗಿ ಸಾಲಾಗುತ್ತವೆ. ಎರಡು ಕಡೆ ಪ್ರತಿ ಇಡಿ.

ಅಂಚೆಯಲ್ಲಿ ಕಳಿಸುವಾಗ

ದೂರದ ಗೆಳೆಯರ ಮನೆಗೆ ಗೊಂಬೆಯೊಂದನ್ನೇ ಅತಿಥಿಯಾಗಿ ಕಳಿಸುವವರಿಗೆ ಮುಖ್ಯ ಪ್ರಶ್ನೆ, ಮನೆಯಿಂದ ಮನೆಗೆ ಸರಪಳಿಯಾಗಿ ಹೋಗಬೇಕೋ, ಪ್ರತಿ ಸಲ ಮನೆಗೆ ಮರಳಬೇಕೋ. ಸರಪಳಿಯಲ್ಲಿ ಅಂಚೆ ಖರ್ಚು ಕಡಿಮೆ, ಆದರೆ ಒಬ್ಬರು ತಡಮಾಡಿದರೆ ಎಲ್ಲ ನಿಲ್ಲುತ್ತದೆ, ಗೊಂಬೆ ಯಾರಲ್ಲಿದೆ ಎಂಬುದೇ ಮರೆತುಹೋಗುತ್ತದೆ. ಮೂರು ಮನೆಗಿಂತ ಉದ್ದದ ಸರಪಳಿ ಕಟ್ಟಬೇಡಿ. ಒಂದು ಮನೆಗೆ ಎರಡು-ಮೂರು ವಾರ ಸರಿಯಾದ ಅವಧಿ.

ಗಾಳಿ ತೆಗೆದು ಮುಚ್ಚಿದ ಜಿಪ್ ಚೀಲ, ಅದರ ಸುತ್ತ ಮೂರು-ನಾಲ್ಕು ಸೆಂ.ಮೀ. ಜಾಗ ಬಿಟ್ಟ ಗಟ್ಟಿ ಪೆಟ್ಟಿಗೆ, ಖಾಲಿ ಜಾಗಕ್ಕೆ ಉಂಡೆ ಮಾಡಿದ ಕಾಗದ. ವಿಳಾಸ ಹೊರಗೂ ಒಳಗೂ ಇರಲಿ, ಹೊರಗಿನ ಚೀಟಿ ಕಿತ್ತುಹೋಗುವುದುಂಟು. ಬ್ಯಾಟರಿ ತೆಗೆದಿಡಿ. ಬೇರೆ ದೇಶಕ್ಕಾದರೆ ಸಣ್ಣ ಪೊಟ್ಟಣಗಳಿಗೆ ಸಿಎನ್ 22 ಎಂಬ ಕಸ್ಟಮ್ಸ್ ನಮೂನೆ ತುಂಬಬೇಕು. “ಬಳಸಿದ ಮೆತ್ತನೆ ಆಟಿಕೆ” ಎಂದು ಸ್ಪಷ್ಟವಾಗಿ, ಇರುವ ಬೆಲೆಯನ್ನೇ ಬರೆಯಿರಿ. ಬರೀ “ಉಡುಗೊರೆ” ಎಂದು ಬರೆದರೆ ಒಳಗೇನಿದೆ ಎಂದು ತಿಳಿಯದೆ ತಡೆದು ನಿಲ್ಲಿಸಬಹುದು. ನೆನಪಿಗೆಂದು ಎಲೆ, ಬೀಜ, ಮಣ್ಣು ಸೇರಿಸಬೇಡಿ, ಹಲವು ದೇಶಗಳಲ್ಲಿ ಇವಕ್ಕೆ ನಿರ್ಬಂಧವಿದೆ. ಆತಿಥೇಯರಿಗೆ ಒಂದೇ ಪುಟದ ಪತ್ರ: ಸ್ವಭಾವವೇನು, ನೀರಿಗೆ ಇಳಿಸಬಹುದೇ, ಎಷ್ಟು ಚಿತ್ರ, ಯಾವ ದಿನ ಮರಳಬೇಕು.

ಮರಳಿ ಬಂದ ಮೇಲೆ

ಮೊದಲು ಹೊರಗೆ ಕೊಡವಿ, ಒಣಗಿದ ಬ್ರಷ್‌ನಿಂದ ರೋಮದ ದಿಕ್ಕಿನಲ್ಲಿ ಬಾಚಿ. ಒಗೆಯುವ ಮುನ್ನ ತಂತಿ, ತೂಕದ ಚೀಲ, ಮಾತಿನ ಪೆಟ್ಟಿಗೆ ಹೊರತೆಗೆಯಿರಿ. ಯಂತ್ರದಲ್ಲಾದರೆ ದಿಂಬಿನ ಕವರಿನೊಳಗೆ ಕಟ್ಟಿ, 30 ಡಿಗ್ರಿ ನೀರು, ಮೃದು ಸುತ್ತು, ಸ್ವಲ್ಪವೇ ಸೋಪು. ಹೆಚ್ಚಾದ ಸೋಪು ಒಳಗೇ ಉಳಿದು ಹತ್ತಿ ಗಂಟುಕಟ್ಟುತ್ತದೆ. ಹಳೆಯ ಗೊಂಬೆ, ಉಣ್ಣೆಯ ಗೊಂಬೆ, ಒಳಗೆ ಮರದ ಎಳೆ ತುಂಬಿದ್ದು ನೀರಿಗೆ ಹೋಗಕೂಡದು. ಒದ್ದೆ ಬಟ್ಟೆ ಹಿಂಡಿ ಮೇಲ್ಮೈ ಒರೆಸಿದರೆ ಸಾಕು. ಧೂಳಿನ ಹುಳದ ಅಲರ್ಜಿ ಇರುವ ಮನೆಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿ ಎರಡು ದಿನ ಇಟ್ಟರೆ ಹುಳ ಸಾಯುತ್ತವೆ, ಆದರೆ ಅಲರ್ಜಿ ತರುವ ಕಣ ಹಾಗೇ ಉಳಿಯುವುದರಿಂದ ಆಮೇಲೆ ಒಗೆಯಲೇಬೇಕು.

ಹಿಂಡಿ ತಿರುಚಬೇಡಿ. ದಪ್ಪ ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಗಾಳಿಯಾಡುವ ಜಾಲರಿಯ ಮೇಲೆ ಮಲಗಿಸಿ, ಆಗಾಗ ಮಗುಚಿ. ಬಿಸಿಗಾಳಿ ತಗುಲಿದರೆ ಪಾಲಿಯೆಸ್ಟರ್ ರೋಮದ ತುದಿ ಕರಗಿ ಸುರುಟುತ್ತದೆ, ಅದು ಮತ್ತೆ ನೆಟ್ಟಗಾಗುವುದಿಲ್ಲ. ಹೊರಗೆ ಒಣಗಿದಂತೆ ಕಂಡರೂ ಹೊಟ್ಟೆಯ ನಡುವೆ ತೇವ ಇರುತ್ತದೆ. ಪೂರ್ತಿ ಒಣಗಲು ಒಂದೆರಡು ದಿನ ಬೇಕು. ಬೆರಳಿನಿಂದ ಗಟ್ಟಿಯಾಗಿ ಒತ್ತಿ ತಣ್ಣಗೆನಿಸಿದರೆ ಇನ್ನೂ ಬಿಡಿ, ಇಲ್ಲದಿದ್ದರೆ ಒಳಗೆ ಬೂಸ್ಟು ಹಿಡಿದು ವಾಸನೆ ಬರುತ್ತದೆ.

ಬಿಚ್ಚಿದ ಹೊಲಿಗೆಯನ್ನು ಏಣಿ ಹೊಲಿಗೆಯಲ್ಲಿ ಮುಚ್ಚಿ. ಜೋಡಿ ದಾರದ ಗಂಟನ್ನು ಒಳಬದಿಯಲ್ಲಿ ಅಡಗಿಸಿ, ಒಂದು ಅಂಚಿನ ಮಡಿಕೆಯೊಳಗೆ 3 ಮಿ.ಮೀ. ಸೂಜಿ ಓಡಿಸಿ, ಎದುರು ಅಂಚಿಗೆ ದಾಟಿ ಅಲ್ಲೂ ಅಷ್ಟೇ ಓಡಿಸಿ. ಐದಾರು ಮೆಟ್ಟಿಲಾದ ಮೇಲೆ ದಾರವನ್ನು ಹೊಲಿಗೆಯ ಉದ್ದಕ್ಕೇ ಎಳೆದರೆ ಬಾಯಿ ಮುಚ್ಚಿ ದಾರ ಕಾಣದಾಗುತ್ತದೆ. ಕೊನೆಯಲ್ಲಿ ಗಂಟು ಹಾಕಿ, ಸೂಜಿಯನ್ನು ಹೊಟ್ಟೆಯ ಮೂಲಕ ಎರಡು ಇಂಚು ಆಚೆ ತೆಗೆದು ದಾರ ಕತ್ತರಿಸಿ. ತುದಿ ಒಳಗೆ ಸರಿದುಕೊಳ್ಳುತ್ತದೆ. ಸಿಕ್ಕಿಬಿದ್ದ ರೋಮವನ್ನು ಸೂಜಿಯ ಮೊನೆಯಿಂದ ಹೊರಗೆಳೆದು ಬಾಚಿದರೆ ಹೊಲಿದ ಜಾಗ ಗುರುತೇ ಸಿಗುವುದಿಲ್ಲ.